ಯಾರೂ ಹಾಕದ ತಜಂಕ್ ಹುಟ್ಟಿತು, ನಾನು ಹಾಕಿದ ಹಾಗಲ ಯಾಕೆ ಹುಟ್ಟಲಿಲ್ಲ?

ಪ್ರಶ್ನೆ: ಉಡುಪಿಯ ಅಂಬಲಪಾಡಿಯಲ್ಲಿ ನಮ್ಮದು ತಾರಸಿ ಮನೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗ್ರೋ ಬ್ಯಾಗುಗಳಲ್ಲಿ ಬೆಂಡೆ, ಅಲಸಂಡೆ, ಹಾಗಲ, ಹರಿವೆ ಹಾಕಿದೆ. ಹರಿವೆ ಬಿಟ್ಟು ಉಳಿದ ಬೀಜಗಳನ್ನು ಎರಡು ದಿನ ನೀರಲ್ಲಿ ನೆನೆಸಿದ್ದೆ. ಮಣ್ಣು ಒಣಗಬಾರದು ಅಂತ ದಿನಾ ನೀರೂ ಹಾಕುತ್ತಿದ್ದೆ. ಅಲಸಂಡೆ ಬಂತು. ಬೆಂಡೆ ಅರ್ಧ ಮಾತ್ರ. ಹಾಗಲ ಒಂದೂ ಇಲ್ಲ. ಹರಿವೆ ಹುಟ್ಟಿ, ಉದ್ದ ಎದ್ದು, ಅಡ್ಡ ಬಿತ್ತು. ಕಳೆದ ವರ್ಷ ಒಣಗಿಸಿ ಡಬ್ಬಿಯಲ್ಲಿಟ್ಟ ಹಲಸಿನ ಬೀಜವನ್ನೂ ಹಾಕಿದ್ದೆ, ಅದೂ ಬರಲಿಲ್ಲ. ಆದರೆ ಕಂಪೌಂಡಿನ ಬದಿಯಲ್ಲಿ ಯಾರೂ ಹಾಕದ ತಜಂಕ್ (ಚಗಟೆ ಸೊಪ್ಪು) ಒತ್ತೊತ್ತಾಗಿ ಹುಟ್ಟಿಕೊಂಡಿದೆ. ಇದು ಹೇಗೆ? ಸಾಂಬಾರಿಗೆ ತಂದ ಮಟ್ಟು ಗುಳ್ಳ ಬದನೆಯಿಂದ ಸ್ವಲ್ಪ ಬೀಜ ತೆಗೆದಿಟ್ಟಿದ್ದೇನೆ. ಅದನ್ನಾದರೂ ಸರಿಯಾಗಿ ಹಾಕಬೇಕು ಅಂತ ಆಸೆ.

ಉತ್ತರ: ನಿಮ್ಮ ಆರೈಕೆ ಕಮ್ಮಿಯಾಗಿ ಹೀಗಾಗಿಲ್ಲ ಅಮ್ಮ, ಜಾಸ್ತಿಯಾಗಿ ಹೀಗಾಗಿದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೀಜ ನೀರಿಲ್ಲದೆ ಸಾಯುವುದಿಲ್ಲ, ಗಾಳಿ ಇಲ್ಲದೆ ಸಾಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ಮಳೆ ಸಾಲದು ಅಂತ ನೀವು ದಿನಾ ಚೊಂಬಿನಲ್ಲೂ ಹಾಕಿದ್ದೀರಿ!

ಬೀಜ ನೀರಿಗೆ ಬಿದ್ದಾಗ ಏನಾಗುತ್ತದೆ ಅಂತ ಮೊದಲು ನೋಡೋಣ. ಚೆನ್ನಾಗಿ ಒಣಗಿದ ಬೀಜದಲ್ಲಿ ನೂರಕ್ಕೆ ಹತ್ತರಷ್ಟು ನೀರು ಇದ್ದರೆ ಹೆಚ್ಚು. ಆದ್ದರಿಂದ ಅದು ನೀರನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಒಂದು ಸ್ಟೀಲ್ ಬಟ್ಟಲಲ್ಲಿ ಅಲಸಂಡೆ ಬೀಜ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೊದಲು ಸಿಪ್ಪೆ ಮಾತ್ರ ನೀರು ಕುಡಿದು ಹಿಗ್ಗುತ್ತದೆ, ಒಳಗಿನ ಬೇಳೆ ಇನ್ನೂ ಒಣಗಿಯೇ ಇರುತ್ತದೆ. ಹಾಗಾಗಿ ಬೀಜದ ಮೇಲೆಲ್ಲಾ ಸುಕ್ಕು ಏಳುತ್ತದೆ. ಇನ್ನೂ ಕೆಲವು ಗಂಟೆ ಕಳೆದರೆ ಬೇಳೆಯೂ ಉಬ್ಬಿ ಸುಕ್ಕು ಮಾಯ. ಇಲ್ಲಿವರೆಗೆ ಜೀವಕ್ಕೂ ಇದಕ್ಕೂ ಸಂಬಂಧ ಇಲ್ಲ. ಸತ್ತ ಬೀಜವೂ ಹೀಗೇ ಉಬ್ಬುತ್ತದೆ. "ಚೆನ್ನಾಗಿ ಉಬ್ಬಿದೆ, ಹಾಗಾದರೆ ಬೀಜ ಒಳ್ಳೆಯದು" ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಅದು ತಪ್ಪು ಲೆಕ್ಕ.

ಉಬ್ಬಿದ ಮೇಲೆ ನಿಜವಾದ ಕೆಲಸ ಶುರು. ಒಳಗೆ ಇಟ್ಟುಕೊಂಡ ಹಿಟ್ಟು, ಎಣ್ಣೆ, ಪ್ರೋಟೀನು ಎಲ್ಲ ಕರಗಿ ಮೊಳಕೆಗೆ ಊಟ ಆಗಬೇಕು. ಭತ್ತದಂಥ ಕಾಳಿನಲ್ಲಿ ಪುಟ್ಟ ಮೊಳಕೆಯೇ ಜಿಬ್ಬರೆಲಿನ್ ಅನ್ನುವ ಹಾರ್ಮೋನಿನ ಮೂಲಕ ಸಂದೇಶ ಕಳಿಸುತ್ತದೆ. ಅದು ತಲುಪಿದ ಮೇಲೆ ಅಕ್ಕಿಯ ಸುತ್ತಲಿನ ತೆಳು ಪದರ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವವನ್ನು ಹೊರಬಿಡುತ್ತದೆ. ಈ ಸಕ್ಕರೆಯಿಂದ ಶಕ್ತಿ ತೆಗೆಯಲು ಆಮ್ಲಜನಕ ಬೇಕು. ನಾವು ಉಸಿರಾಡುವ ಹಾಗೆಯೇ ಬೀಜವೂ ಉಸಿರಾಡುತ್ತದೆ, ಅದೂ ಈ ಹೊತ್ತಿನಲ್ಲಿ ಬಹಳ ಜೋರಾಗಿ.

ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಮ್ಮಿ. ಎರಡು ದಿನ ಬಟ್ಟಲಲ್ಲೇ ಬಿಟ್ಟ ಬೀಜದ ನೀರನ್ನು ಮೂಸಿ ನೋಡಿದ್ದೀರಾ? ಹುಳಿ ವಾಸನೆ ಇರುತ್ತದೆ, ನೀರು ಮಸುಕಾಗಿರುತ್ತದೆ, ಬೆರಳಿಗೆ ಲೋಳೆ ತಾಗುತ್ತದೆ. ಉಸಿರು ಕಟ್ಟಿದ ಬೀಜ ಒಳಗೇ ಹುಳಿಯುತ್ತಿದೆ ಅಂತ ಅರ್ಥ. ಒಳಗಿನ ಸಕ್ಕರೆ ಸೋರಿ ನೀರಿಗೆ ಬಂದಿದೆ, ಅದನ್ನು ತಿನ್ನಲು ಸೂಕ್ಷ್ಮಜೀವಿಗಳೂ ಬಂದಿವೆ. ಆ ಬೀಜವನ್ನು ತೆಗೆದು, ಮಳೆಗೆ ಕೆಸರಾದ ಗ್ರೋ ಬ್ಯಾಗಿಗೆ ಹಾಕಿದರೆ ಮುಂದಿನದ್ದು ಹೇಳಬೇಕಾಗಿಲ್ಲ.

ಅಲಸಂಡೆ ಬಚಾವಾದದ್ದು ಅದರ ಆತುರದಿಂದ. ಅದು ಮಣ್ಣಿಗೆ ಬಿದ್ದ ಮೂರು ನಾಲ್ಕು ದಿನದಲ್ಲಿ ತಲೆ ಎತ್ತುತ್ತದೆ, ಕೊಳೆಯಲು ಸಮಯವೇ ಕೊಡುವುದಿಲ್ಲ. ಆದರೂ ಮಳೆಗಾಲದಲ್ಲಿ ಅಲಸಂಡೆಯನ್ನು ನೆನೆಸುವುದೇ ಬೇಡ, ಹಾಗೇ ಊರಿ. ಬೆಂಡೆಗೆ ಒಂದು ರಾತ್ರಿ ಸಾಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ.

ಈ ಉಪಾಯ ನಮ್ಮ ಗದ್ದೆಯವರಿಗೆ ಹೊಸದಲ್ಲ. ಏಣೆಲಿಗೆ, ಅಂದರೆ ಮಳೆಗಾಲದ ಭತ್ತದ ಬೆಳೆಗೆ, ನೇಜಿ (ಸಸಿ) ಹಾಕುವಾಗ ಬೀಜದ ಭತ್ತವನ್ನು ಒಂದು ದಿನ ನೀರಿನಲ್ಲಿಡುತ್ತಾರೆ. ಆಮೇಲೆ ನೀರೆಲ್ಲಾ ಬಸಿದು, ಗೋಣಿಗೆ ತುಂಬಿ, ಬೆಚ್ಚಗೆ ಮುಚ್ಚಿಡುತ್ತಾರೆ. ಮರುದಿನ ಆ ಗೋಣಿಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ. ಸಾವಿರಾರು ಕಾಳು ಒಟ್ಟಿಗೆ ಉಸಿರಾಡಿದ ಬಿಸಿ ಅದು. ನೀರು ಎಷ್ಟು ಬೇಕೋ ಅಷ್ಟು ಸಿಕ್ಕಿದ ಮೇಲೆ ಬೇಕಾದ್ದು ಗಾಳಿ ಮತ್ತು ಬೆಚ್ಚಗಿನ ಜಾಗ, ಅಷ್ಟೆ.

ಭತ್ತ ನಿಂತ ನೀರಲ್ಲೂ ಮೊಳೆಯುತ್ತದಲ್ಲ ಅಂತ ನೀವು ಕೇಳಬಹುದು. ಹೌದು, ಅದು ಬೇರೆಯೇ ಜಾತಿಯ ಗಟ್ಟಿಗ. ಗಾಳಿ ಸಿಗುವ ಕಡೆ ಭತ್ತ ಮೊದಲು ಬೇರು ಬಿಡುತ್ತದೆ. ನೀರಿನಡಿ ಆಮ್ಲಜನಕ ಇಲ್ಲ ಅಂತ ಗೊತ್ತಾದರೆ ಬೇರನ್ನು ತಡೆಹಿಡಿದು, ಚಿಗುರಿನ ಮೇಲಿನ ಪೊರೆಯಂಥ ಕೊಳವೆಯನ್ನು ಮಾತ್ರ ಉದ್ದ ಮಾಡುತ್ತಾ ಹೋಗುತ್ತದೆ. ಅದರ ತುದಿ ನೀರಿನ ಮೇಲೆ ಬಂದ ಮೇಲೆ ಗಾಳಿ ಕೆಳಗಿಳಿದು ಬೇರು ಹೊರಡುತ್ತದೆ. ಬೆಂಡೆ, ಹಾಗಲಕ್ಕೆ ಈ ವಿದ್ಯೆ ಇಲ್ಲ.

ಈಗ ಹಾಗಲ. ಅದರ ಸಿಪ್ಪೆ ದಪ್ಪ, ಸುತ್ತ ಕೆತ್ತಿದ ಹಾಗೆ ಗಂಟುಗಂಟು. ನೀರು ನಿಧಾನಕ್ಕೆ ಇಳಿಯುತ್ತದೆ, ಗಾಳಿ ಇನ್ನೂ ನಿಧಾನ. ಮೇಲಿಂದ ಅದಕ್ಕೆ ಮಣ್ಣು ಬೆಚ್ಚಗಿರಬೇಕು, 30 ಡಿಗ್ರಿ ಆಸುಪಾಸು ಇದ್ದರೆ ಅದಕ್ಕೆ ಖುಷಿ. ಜೂನ್ ನಡುವಿನ ಜಡಿಮಳೆಯಲ್ಲಿ ಬಿಸಿಲೇ ಕಾಣದ ಮಣ್ಣು ಅದಕ್ಕಿಂತ ತಂಪು. ನಮಗೆ ಅದು ಚಳಿ ಅನಿಸುವುದಿಲ್ಲ. ಹಾಗಲಕ್ಕೆ ಮಾತ್ರ ಕೆಲಸ ನಿಧಾನವಾಗುತ್ತದೆ. ಮೊಳಕೆ ನಿಧಾನವಾದಷ್ಟೂ ಕೊಳೆರೋಗಕ್ಕೆ ಪುರುಸೊತ್ತು ಜಾಸ್ತಿ.

ನಮ್ಮ ಹಿರಿಯರು ಮಳೆಗಾಲದ ತರಕಾರಿ ಬೀಜವನ್ನು ಪತ್ತನಾಜೆಯ ಹೊತ್ತಿಗೆ ಹಾಕುತ್ತಿದ್ದರಲ್ಲ, ಅಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ, ಅದರ ಹಿಂದೆ ಸರಿಯಾದ ಲೆಕ್ಕ ಇದೆ. ಮಣ್ಣು ಇನ್ನೂ ಬೇಸಿಗೆಯ ಬಿಸಿ ಬಿಟ್ಟಿರುವುದಿಲ್ಲ, ಒಂದೆರಡು ಮಳೆ ಬಿದ್ದು ಹದ ಬಂದಿರುತ್ತದೆ. ಜೂನಿನ ಮಳೆ ಹೊಡೆಯುವಾಗ ಗಿಡ ಬೇರು ಬಿಟ್ಟು ಕೂತಿರುತ್ತದೆ. ಅವರು ನೆಲದಲ್ಲಿ ಗುಂಡಿ ಮಾಡಿ ಹಾಕುತ್ತಿರಲಿಲ್ಲ, ಮಣ್ಣು ಏರಿಸಿ ದಿಬ್ಬ ಮಾಡಿ ಹಾಕುತ್ತಿದ್ದರು. ನಿಮ್ಮ ಗ್ರೋ ಬ್ಯಾಗಿಗೂ ಅದೇ ಬೇಕು. ಬರೀ ಕೆಮ್ಮಣ್ಣು ತುಂಬಿದ್ದರೆ ಮಳೆಗೆ ಅದು ಇಟ್ಟಿಗೆಯಂತೆ ಕೂತುಬಿಡುತ್ತದೆ. ಅದಕ್ಕೆ ತೆಂಗಿನ ನಾರಿನ ಪುಡಿ, ಒಣ ಗೊಬ್ಬರ, ಒಂದಿಷ್ಟು ದಪ್ಪ ಮರಳು ಸೇರಿಸಿ. ಚೀಲವನ್ನು ತಾರಸಿಯ ಮೇಲೆ ನೇರ ಇಡಬೇಡಿ. ಎರಡು ಇಟ್ಟಿಗೆಯ ಮೇಲೆ ಇಡಿ, ಇಲ್ಲದಿದ್ದರೆ ಅಡಿಯ ತೂತು ಇದ್ದೂ ಇಲ್ಲದ ಹಾಗೆ. ಹಾಗಲ ಬೀಜದ ಅಂಚನ್ನು ಉಗುರು ಕತ್ತರಿಯಿಂದ ಚೂರೇ ಚೂರು ಚಿವುಟಿ. ಒಳಗಿನ ಬೇಳೆಗೆ ತಾಗಬಾರದು, ಸಿಪ್ಪೆ ಬಿರುಕು ಬಿಟ್ಟರೆ ಸಾಕು. ಬೀಜ ಯಾವ ಕಡೆ ಮುಖ ಮಾಡಿ ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೇರಿನ ತುದಿಯಲ್ಲಿರುವ ಪಿಷ್ಟದ ಸಣ್ಣ ಕಣಗಳು ಯಾವಾಗಲೂ ಕೆಳಕ್ಕೆ ಕೂರುತ್ತವೆ, ಬೇರಿಗೆ ಕೆಳಗೆ ಯಾವ ಕಡೆ ಅಂತ ತಿಳಿಯುವುದು ಅದರಿಂದಲೇ.

ತಜಂಕ್ ವಿಷಯ ನನಗೆ ಬಹಳ ಇಷ್ಟದ್ದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಘಟ್ಟದ ಮೇಲಿನವರು ಚಗಟೆ ಅನ್ನುವ ಇದರ ಬೀಜ ನುಣುಪು, ಹೊಳಪು, ಕಲ್ಲಿನಷ್ಟು ಗಟ್ಟಿ. ಹೊಸ ಬೀಜ ಒಂದು ಹಿಡಿ ತಂದು ನೀರಲ್ಲಿ ಹಾಕಿ. ಮರುದಿನ ನೋಡಿದರೆ ಹೆಚ್ಚಿನವು ನೆನ್ನೆ ಇದ್ದಂತೆಯೇ ಇರುತ್ತವೆ, ಉಬ್ಬುವುದೇ ಇಲ್ಲ. ಸಿಪ್ಪೆಯಲ್ಲಿ ನೀರು ಇಳಿಯದ ಪದರ ಇದೆ. ಅದೇ ಬೀಜವನ್ನು ಮರಳು ಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಹಾಕಿ, ಉಬ್ಬಿ ಮೊಳಕೆ ಬರುತ್ತದೆ.

ಕಂಪೌಂಡಿನ ಬದಿಯಲ್ಲಿ ಉಜ್ಜುವವರು ಯಾರು? ಬೇಸಿಗೆ. ಮಾರ್ಚ್‌ನಿಂದ ಮೇವರೆಗೆ ಮೇಲ್ಮಣ್ಣು ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ. ಹೀಗೆ ಕಾದು ಆರಿ, ಕಾದು ಆರಿ ಸಿಪ್ಪೆಯಲ್ಲಿ ಒಂದು ಕಡೆ ಸಣ್ಣದಾಗಿ ಬಾಯಿ ಬಿಡುತ್ತದೆ. ಆಮೇಲೆ ಬಿದ್ದ ಮಳೆ ಒಳಗೆ ಹೋಗುತ್ತದೆ. ಇಲ್ಲೊಂದು ಜಾಣತನ ಇದೆ. ಎಲ್ಲ ಬೀಜವೂ ಒಟ್ಟಿಗೆ ಬಾಯಿ ಬಿಡುವುದಿಲ್ಲ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಕೆಲವು ಅದರಾಚೆ. ಏಪ್ರಿಲಿನಲ್ಲಿ ಒಂದು ಗುಡುಗು ಮಳೆ ಬಂದು, ಆಮೇಲೆ ಮೂರು ವಾರ ಬಿಸಿಲು ಹೊಡೆದರೆ, ಮೋಸ ಹೋಗಿ ಹುಟ್ಟಿದವು ಸಾಯುತ್ತವೆ. ಉಳಿದವು ಮಣ್ಣಲ್ಲೇ ಸುಮ್ನೆ ಕೂತಿರುತ್ತವೆ. ನಿಮಗೆ ಒತ್ತೊತ್ತಾಗಿ ಕಂಡದ್ದು ಹುಟ್ಟಿದವು ಮಾತ್ರ, ಕಾಯುತ್ತಿರುವವು ಮಣ್ಣಿನಡಿ ಇನ್ನೂ ಇವೆ.

ತರಕಾರಿಯಲ್ಲಿ ನಾವು ಈ ಗುಣವನ್ನು ಕಳೆದಿದ್ದೇವೆ. ಒಟ್ಟಿಗೆ ಹುಟ್ಟುವ, ಬೇಗ ಹುಟ್ಟುವ ಬೀಜವನ್ನೇ ಸಾವಿರಾರು ವರ್ಷ ಆರಿಸಿಕೊಂಡು ಬಂದೆವು. ಅದು ನಮಗೆ ಅನುಕೂಲ, ಬೀಜಕ್ಕೆ ಅಪಾಯ. ಬೆಂಡೆಯಲ್ಲಿ ಹಳೆಯ ಗುಣ ಇನ್ನೂ ಸ್ವಲ್ಪ ಉಳಿದಿದೆ, ಕೆಲವು ಬೀಜದ ಸಿಪ್ಪೆ ಗಟ್ಟಿ. ಹುಟ್ಟದ ನಿಮ್ಮ ಅರ್ಧ ಬೆಂಡೆಯನ್ನು ಕೆದಕಿ ನೋಡಿ. ಮೆತ್ತಗಾಗಿದ್ದರೆ ಹೋಯಿತು. ಗುಂಡು ಹಾಗೇ ಗಟ್ಟಿ ಇದ್ದರೆ ಸ್ವಲ್ಪ ಉಜ್ಜಿ ಮತ್ತೆ ಹಾಕಿ, ಬಂದೀತು.

ಬೆಳಕಿಗೂ ಇದರಲ್ಲಿ ಪಾಲು ಇದೆ. ಕಳೆ ಕಿತ್ತು ಮಣ್ಣು ಮಗುಚಿದ ವಾರಕ್ಕೇ ಮತ್ತೆ ಕಳೆ ಯಾಕೆ ತುಂಬಿಕೊಳ್ಳುತ್ತದೆ? ಎಷ್ಟೋ ಸಣ್ಣ ಬೀಜಗಳು ಬೆಳಕು ತಾಗಿದರೆ ಮಾತ್ರ ಏಳುತ್ತವೆ. ನೀವು ಮಗುಚಿದಾಗ ಅವಕ್ಕೆ ಕ್ಷಣಕಾಲ ಬೆಳಕು ಸಿಕ್ಕಿತು, ಅಷ್ಟು ಸಾಕು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಲೆಟ್ಯೂಸ್ ಬೀಜದ ಮೇಲೆ ಇದನ್ನು ಚೆನ್ನಾಗಿ ತೋರಿಸಿದರು. ಕೆಂಪು ಬೆಳಕು ಕೊಟ್ಟರೆ ಬೀಜ ಹುಟ್ಟಿತು. ನಮ್ಮ ಕಣ್ಣಿಗೆ ಹೆಚ್ಚುಕಮ್ಮಿ ಕಾಣದ ಅತಿಕೆಂಪು ಬೆಳಕು ಕೊಟ್ಟರೆ ತಡೆಯಿತು. ಒಂದಾದ ಮೇಲೆ ಒಂದು ಎಷ್ಟೇ ಸಲ ಬದಲಿಸಿ ಕೊಟ್ಟರೂ ಕೊನೆಯಲ್ಲಿ ಬಿದ್ದದ್ದು ಯಾವುದೋ ಅದೇ ತೀರ್ಮಾನ. ಇದನ್ನು ಅಳೆಯುವ ಬಣ್ಣದ ಕಣಕ್ಕೆ ಫೈಟೋಕ್ರೋಮ್ ಅಂತ ಹೆಸರು. ಎಲೆಗಳು ಕೆಂಪನ್ನು ಹೀರಿಕೊಂಡು ಅತಿಕೆಂಪನ್ನು ಕೆಳಗೆ ಬಿಡುತ್ತವೆ. ಹಾಗಾಗಿ ದೊಡ್ಡ ಗಿಡದ ಅಡಿ ಬಿದ್ದ ಸಣ್ಣ ಬೀಜಕ್ಕೆ "ಮೇಲೆ ಜಾಗ ಇಲ್ಲ" ಅಂತ ಗೊತ್ತಾಗುತ್ತದೆ.

ಹರಿವೆ ಬೀಜ ಸಾಸಿವೆಗಿಂತಲೂ ಸಣ್ಣದು. ಅದರೊಳಗಿನ ಬುತ್ತಿ ಒಂದೆರಡು ಸೆಂಟಿಮೀಟರ್ ಏರುವುದಕ್ಕಷ್ಟೇ ಸಾಕು. ಹೂಳಬೇಡಿ. ಮರಳಿನ ಜೊತೆ ಬೆರೆಸಿ ಎರಚಿ, ಮೇಲೆ ತೆಳ್ಳಗೆ ಪುಡಿಮಣ್ಣು ಉದುರಿಸಿದರೆ ಆಯಿತು. ನಿಮ್ಮದು ಹುಟ್ಟಿದೆ, ಆದರೆ ಬಿದ್ದಿದೆ. ಬಿದ್ದ ಸಸಿಯ ಬುಡವನ್ನು ಹತ್ತಿರದಿಂದ ನೋಡಿ. ಕಾಂಡ ಇಡೀ ಬಿಳಿಚಿ, ಉದ್ದಕ್ಕೂ ಒಂದೇ ದಪ್ಪ ಇದ್ದರೆ ಬೆಳಕು ಸಾಲದೆ ಬಿದ್ದದ್ದು. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಚಿವುಟಿದ ನೂಲಿನ ಹಾಗೆ ಸಣ್ಣಗಾಗಿದ್ದರೆ ಅದು ಬುಡ ಕೊಳೆ. ಹೆಚ್ಚಾಗಿ ಪೈಥಿಯಮ್ ಅನ್ನುವ, ನೀರು ನಿಂತ ಮಣ್ಣಲ್ಲಿ ಈಜಿ ಬರುವ ಜೀವಿಯ ಕೆಲಸ. ಮದ್ದು ಹುಡುಕುವ ಮೊದಲು ನೀರು ನಿಲ್ಲಿಸಿ, ಗಿಡ ತೆಳುಮಾಡಿ.

ಬೆಳಕಿನ ವಿಷಯವಾದರೆ, ತಾರಸಿಯಲ್ಲಿ ಆ ಚೀಲಗಳ ಮೇಲೆ ಶೀಟು ಇದ್ದರೆ ಅದೇ ಕಾರಣ ಇರಬೇಕು. ಒಂದೇ ಕಡೆಯಿಂದ ಬೆಳಕು ಬಂದರೆ ಸಸಿ ಆ ಕಡೆ ಬಾಗುತ್ತದೆ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಸಣ್ಣ ಟೊಪ್ಪಿ ಹಾಕಿ ಬೆಳಕು ಮರೆಮಾಡಿದಾಗ ಅದು ಬಾಗಲಿಲ್ಲ. ಬುಡವನ್ನು ಮುಚ್ಚಿದಾಗ ಬಾಗಿತು. ಅಂದರೆ ನೋಡುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ನಡುವೆ ಓಡಾಡುವ ಆಕ್ಸಿನ್ ಅನ್ನುವ ಹಾರ್ಮೋನು ನೆರಳಿನ ಬದಿಯಲ್ಲಿ ಜಾಸ್ತಿ ಸೇರುತ್ತದೆ, ಆ ಬದಿ ಜಾಸ್ತಿ ಬೆಳೆಯುತ್ತದೆ, ಗಿಡ ಬೆಳಕಿನ ಕಡೆ ವಾಲುತ್ತದೆ.

ಒತ್ತಾಗಿ ಬಿತ್ತಿದ್ದರೂ ಇದೇ ಪಾಡು. ಪಕ್ಕದ ಸಸಿಯ ಎಲೆಗೆ ತಾಗಿ ಚದುರಿದ ಅತಿಕೆಂಪು ಬೆಳಕಿನಿಂದಲೇ, ಇನ್ನೂ ನೆರಳು ಬೀಳುವ ಮೊದಲೇ, ಸಸಿಗೆ ನೆರೆಯವರು ಇದ್ದಾರೆ ಅಂತ ತಿಳಿಯುತ್ತದೆ. ಎಲ್ಲವೂ ಮೇಲಾಟಕ್ಕೆ ಬಿದ್ದು ಉದ್ದವಾಗುತ್ತವೆ, ಕಾಂಡಕ್ಕೆ ಬಲ ಬರುವುದಿಲ್ಲ. ಬೆರಳಿನ ಅಗಲ ಬಿಟ್ಟು ಉಳಿದದ್ದನ್ನು ಕಿತ್ತು ತಂಬುಳಿಗೋ ಪಲ್ಯಕ್ಕೋ ಹಾಕಿ. ಇನ್ನೊಂದು ಸುಲಭ ಕೆಲಸ: ದಿನಕ್ಕೆ ಒಂದೆರಡು ಸಲ ಸಸಿಗಳ ಮೇಲೆ ಅಂಗೈ ಹಗುರಾಗಿ ಆಡಿಸಿ. ಮುಟ್ಟಿದರೆ ನಾಚಿಕೆ ಮುಳ್ಳಿಗೆ ಮಾತ್ರ ಗೊತ್ತಾಗುತ್ತದೆ ಅಂದುಕೊಂಡಿದ್ದೇವೆ, ಅಲ್ವಾ? ಹೆಚ್ಚಿನ ಗಿಡಗಳಿಗೂ ಗೊತ್ತಾಗುತ್ತದೆ. ಗಾಳಿಗೆ ಅಲುಗಿದ, ಕೈ ತಾಗಿದ ಸಸಿ ಗಿಡ್ಡವಾಗಿ, ದಪ್ಪ ಕಾಂಡದೊಂದಿಗೆ ಬೆಳೆಯುತ್ತದೆ. ಬುಡ ಕೊಳೆ ಇರುವ ಚೀಲದಲ್ಲಿ ಮಾತ್ರ ಹೀಗೆ ಮಾಡಬೇಡಿ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ.

ಹಲಸು ತಜಂಕಿಗೆ ಪೂರ್ತಿ ಉಲ್ಟಾ. ಅದಕ್ಕೆ ಕಾಯುವುದೇ ಗೊತ್ತಿಲ್ಲ. ಹಣ್ಣು ಬೀಳುವುದು ಮಳೆ ಶುರುವಾಗುವ ಹೊತ್ತಿಗೆ, ಬಿದ್ದಲ್ಲಿ ಒದ್ದೆ ಮಣ್ಣು ಸಿದ್ಧ. ಒಣಗಿ ಮಲಗುವ ಅಗತ್ಯವೇ ಅದಕ್ಕೆ ಬಂದಿಲ್ಲ. ಬೀಜದ ತೂಕದಲ್ಲಿ ಸುಮಾರು ಅರ್ಧ ನೀರೇ. ಅದನ್ನು ಒಣಗಿಸಿದರೆ ಕೊಂದ ಹಾಗೆ. ತೀರಾ ಹಣ್ಣಾದ ಹಲಸನ್ನು ಕೊಯ್ದಾಗ ಒಳಗೇ ಮೊಳಕೆ ಬಂದ ಬೀಜ ನೀವೂ ನೋಡಿರುತ್ತೀರಿ. ಮಾವು, ಅಡಿಕೆ ಕೂಡ ಇದೇ ಜಾತಿ, ಒಣಗಿಸಿ ಇಡುವ ಹಾಗಿಲ್ಲ. ನಮ್ಮ ಅಳಿವೆಗಳ ಕಾಂಡ್ಲಾ (ಮ್ಯಾಂಗ್ರೋವ್) ಇನ್ನೂ ಒಂದು ಹೆಜ್ಜೆ ಮುಂದೆ, ಬೀಜ ಮರದಲ್ಲಿರುವಾಗಲೇ ಮೊಳೆತು ಕೋಲಿನಂತೆ ಜೋತುಬಿದ್ದು ಆಮೇಲೆ ಕೆಸರಿಗೆ ಇಳಿಯುತ್ತದೆ. ಅಡುಗೆಗೆ ಅಂತ ಹಲಸಿನ ಬೀಜವನ್ನು ಕೆಮ್ಮಣ್ಣು ಮೆತ್ತಿ ಇಡುವ ಕ್ರಮ ಇದೆಯಲ್ಲ, ಅದು ಒಳಗಿನ ನೀರು ಆರದ ಹಾಗೆ ತಡೆಯುತ್ತದೆ. ಗಿಡ ಬೇಕಾದರೆ ಅಷ್ಟೆಲ್ಲ ಬೇಡ. ಹಣ್ಣು ತಿಂದ ವಾರದೊಳಗೆ ಬೀಜ ತೊಳೆದು ಊರಿ.

ಒಣಗಿಸಿ ಇಡಬಹುದಾದ ಬೀಜಗಳಿಗೆ, ಅಂದರೆ ಬೆಂಡೆ, ಹರಿವೆ, ಅಲಸಂಡೆ, ಸೌತೆ, ಗುಳ್ಳ ಇವಕ್ಕೆಲ್ಲ, ಒಂದು ಹಳೆಯ ಅಂದಾಜು ಲೆಕ್ಕ ಇದೆ. ಬೀಜದ ತೇವ ಶೇಕಡಾ 1 ಇಳಿದರೆ ಬೀಜದ ಆಯಸ್ಸು ಎರಡು ಪಟ್ಟು, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಎರಡು ಪಟ್ಟು. ಇಸ್ರೇಲಿನ ಮಸಾಡದ ಒಣ ಕೋಟೆಯಲ್ಲಿ ಸುಮಾರು 2,000 ವರ್ಷ ಬಿದ್ದಿದ್ದ ಖರ್ಜೂರದ ಬೀಜವನ್ನು 2005ರಲ್ಲಿ ಹಾಕಿ ಗಿಡ ಮಾಡಿದ್ದಾರೆ. ಅದು ಮರುಭೂಮಿಯ ಕತೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಉಪ್ಪೂ ನೀರು ಬಿಡುತ್ತದೆ. ತೆರೆದ ಬೀಜದ ಪ್ಯಾಕೆಟನ್ನು ರಬ್ಬರ್ ಬ್ಯಾಂಡ್ ಹಾಕಿ ಅಡುಗೆಮನೆಯ ಕಪಾಟಿನಲ್ಲಿಟ್ಟರೆ ಒಂದು ಮಳೆಗಾಲ ಮುಗಿಯುವುದರೊಳಗೆ ಅದರ ಕಸುವು ಇಳಿದಿರುತ್ತದೆ. ನಿಮ್ಮ ಹಾಗಲದ ಬೀಜ ಎಲ್ಲಿತ್ತು, ಯಾವ ವರ್ಷದ್ದು ಅಂತ ನೀವು ಬರೆದಿಲ್ಲ. ಇದೂ ಒಂದು ಕಾರಣ ಇರಬಹುದು.

ಮೊದಲಿನವರು ಬೀಜದ ಗಂಟನ್ನು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ಬಿಸಿ ಒಳ್ಳೆಯದಲ್ಲ, ಆದರೆ ತೇವ ಅದಕ್ಕಿಂತ ಕೆಟ್ಟದ್ದು, ಹೊಗೆಗೆ ಹುಳವೂ ಬರುತ್ತಿರಲಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಬಿಗಿ ಮುಚ್ಚಳದ ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದು ಹಿಡಿ ಅಕ್ಕಿಯನ್ನು ಚೆನ್ನಾಗಿ ಹುರಿದು, ಪೂರ್ತಿ ಆರಿಸಿ, ಬಟ್ಟೆಯಲ್ಲಿ ಕಟ್ಟಿ ತಳದಲ್ಲಿಡಿ. ಮೇಲೆ ಬೀಜದ ಪೊಟ್ಟಣ ಇಟ್ಟು ಮುಚ್ಚಿ. ಎರಡು ವಾರ ಬಿಟ್ಟು ಅಕ್ಕಿಯನ್ನು ಮತ್ತೆ ಹುರಿಯಿರಿ. ಆಮೇಲೆ ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಬಹುದು. ಬಿತ್ತುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರೀಕ್ಷೆ ಮಾಡಿ. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಏಳೋ ಎಂಟೋ ಮೊಳೆತರೆ ಬಿತ್ತಿ. ಮೂರು ನಾಲ್ಕೇ ಬಂದರೆ ಬೇರೆ ಬೀಜ ತರುವುದು ಲೇಸು.

ಇನ್ನು ಗುಳ್ಳ. ಸಾಂಬಾರಿಗೆ ತಂದ ಗುಳ್ಳದಿಂದ ತೆಗೆದ ಬೀಜ ಅಂತ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಅದು ಹುಟ್ಟುವ ಸಾಧ್ಯತೆ ಬಹಳ ಕಮ್ಮಿ. ನಾವು ತಿನ್ನುವುದು ಎಳೆ ಹಸಿರು ಕಾಯಿ, ಅದರ ಬೀಜ ಇನ್ನೂ ಬಲಿತಿರುವುದಿಲ್ಲ. ಬೀಜಕ್ಕೆ ಬಿಡುವ ಗುಳ್ಳ ಗಿಡದಲ್ಲೇ ಹಳದಿಯಾಗಿ ಹಣ್ಣಾಗಬೇಕು. ಹಾಗೆ ಹಣ್ಣಾದದ್ದರಿಂದ ತೆಗೆದ ಬೀಜವೂ ಕೆಲವು ವಾರ ಹುಟ್ಟದೆ ಮೊಂಡುತನ ಮಾಡಬಹುದು, ಹೊಸ ಬದನೆ ಬೀಜದ ಸ್ವಭಾವ ಅದು. ತೊಳೆದು, ನೆರಳಲ್ಲಿ ಒಣಗಿಸಿ, ಒಂದೆರಡು ತಿಂಗಳು ಬಿಟ್ಟು ಹಾಕಿದರೆ ಸರಿಯಾಗಿ ಬರುತ್ತದೆ. ಮಟ್ಟುವಿನವರು ಗುಳ್ಳ ನೆಡುವುದು ಮಳೆಗಾಲದ ಭತ್ತದ ಬೆಳೆ ಮುಗಿದ ಮೇಲೆ. ನೀವೂ ಚೌತಿ ಕಳೆದು ಮಳೆ ಸಡಿಲಾದ ಮೇಲೆ ಟ್ರೇಯಲ್ಲಿ ಸಸಿ ಮಾಡಿ, ತಿಂಗಳಿನ ಸಸಿಯನ್ನು ಚೀಲಕ್ಕೆ ನೆಡಿ. ಪಕ್ಕದ ತಾರಸಿಯಲ್ಲಿ ಬೇರೆ ಬದನೆ ಇದ್ದರೆ ನಿಮ್ಮ ಗುಳ್ಳದಿಂದ ಮುಂದೆ ಬೀಜ ಎತ್ತಿಡಬೇಡಿ. ಬದನೆ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಜೇನು ದುಂಬಿಗಳು ಬೆರಕೆ ಮಾಡಿಬಿಡುತ್ತವೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ತಳಿ ಮಟ್ಟು ಗುಳ್ಳ. ಹೊಸದಾಗಿ ಶುರು ಮಾಡುವಾಗ ಬೀಜ ಅಲ್ಲಿಯದೇ ಇರಲಿ. ಮಟ್ಟು, ಕಟಪಾಡಿ ಕಡೆ ಪರಿಚಯದ ಬೆಳೆಗಾರರಿದ್ದರೆ ಗಿಡದಲ್ಲೇ ಹಣ್ಣಾದ ಒಂದು ಗುಳ್ಳ ಕೇಳಿ ತನ್ನಿ. ನಿಮ್ಮ ತಾರಸಿಗೆ ಅದೊಂದೇ ಧಾರಾಳ ಆಯಿತು.